ರಿಮೋಟ್ ಒತ್ತಿದ್ರೆ ಟಿವಿ ಆಫ್ ಆಗ್ತದ, ಮೀಟರ್ ಆಗಲ್ಲ

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ. ಓದಲು ಅನುಕೂಲವಾಗಲಿ ಎಂದು ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಕಲಬುರಗಿಯ ಕೋಟನೂರಿಂದ ಮಾತಾಡ್ತಾ ಇದ್ದೀನಿ. ಹಿಂದೆ ಗರಗರ ಅಂತ ಒಂದು ಸದ್ದು ಕೇಳ್ತಿದ್ರೆ ಅದು ಕೂಲರ್. ರೆಕಾರ್ಡ್ ಮಾಡೋವಾಗ ಬಂದ್ ಮಾಡೋಣ ಅಂದುಕೊಂಡೆ, ಆದ್ರೆ ಮೇ ತಿಂಗಳ ಕಲಬುರಗಿ ನಿಮಗೂ ಗೊತ್ತಲ್ಲ. ಸಹಿಸ್ಕೊಳ್ಳಿ.

ಇವತ್ತಿನ ಮಾತು ಶುರುವಾಗೋದು ನಮ್ಮ ಮನೆ ಕರೆಂಟ್ ಬಿಲ್ಲಿಂದ. 2025ರ ಏಪ್ರಿಲ್ ತಿಂಗಳ ಬಳಕೆಗೆ ಬಂದ ಬಿಲ್. ಸಾಮಾನ್ಯವಾಗಿ ನಮ್ಮದು ಸೊನ್ನೆ ಬಿಲ್, ಬೇಸಿಗೆಯಲ್ಲಿ ನೂರು, ನೂರೈವತ್ತು ರೂಪಾಯಿ. ಈ ಸಲ 1,660 ರೂಪಾಯಿ ಚಿಲ್ಲರೆ. ಅವ್ವ ಚೀಟಿ ಹಿಡ್ಕೊಂಡು ಬಂದು, "ಇದೇನಿದು, ಫ್ರೀ ಕರೆಂಟ್ ಅಂದಿದ್ರಲ್ಲ, ಇಷ್ಟು ಯಾಕ ಬಂದದ?" ಅಂತ ಕೇಳಿದ್ರು. ನಾನು ಬಿಕಾಂ ಓದಿದವ ಅಂತ ಮನೆಯಲ್ಲಿ ಎಲ್ಲ ಲೆಕ್ಕನೂ ನನ್ನ ತಲೆಗೇ ಬರ್ತದ. ಕೂತು ನೋಡಿದೆ. ಬಿಲ್ ಸರಿಯಾಗೇ ಇತ್ತು. ಬಳಕೆ 206 ಯೂನಿಟ್. ಆರು ಯೂನಿಟ್ ಜಾಸ್ತಿ, ಅಷ್ಟೇ.

ಗೃಹಜ್ಯೋತಿ ಲೆಕ್ಕ ಬಹಳ ಜನಕ್ಕೆ ಪೂರ್ತಿ ಗೊತ್ತಿಲ್ಲ ಅನ್ನೋದು ನನ್ನ ಅನುಭವ. ಯೋಜನೆ ಉದ್ಘಾಟನೆ ಆಗಿದ್ದೇ ನಮ್ಮ ಊರಲ್ಲಿ, 2023ರ ಆಗಸ್ಟ್ 5ರಂದು. ಆದ್ರೂ ನಮ್ಮ ಓಣಿಯಲ್ಲಿ ಹತ್ತು ಜನನ್ನ ಕೇಳಿದ್ರೆ ಎಂಟು ಜನ "200 ಯೂನಿಟ್ ತನಕ ಫ್ರೀ" ಅಂತಾರೆ. ಹಂಗಲ್ಲ ಅದು. ಪ್ರತಿ ಮನೆಗೂ ಒಂದು ಅರ್ಹ ಬಳಕೆ ಅಂತ ಇರ್ತದ. ನಮ್ಮಂಥ ಮನೆಗೆ ಅದು, 2022-23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಉರಿಸಿತ್ತೋ ಅದಕ್ಕೆ ಶೇಕಡ 10 ಸೇರಿಸಿದ್ದು. ನಮ್ಮ ಸರಾಸರಿ 153, ಅರ್ಹತೆ 168. ಅಂದ್ರೆ 168 ತನಕ ಸೊನ್ನೆ ಬಿಲ್. 168ರಿಂದ 200ರ ನಡುವೆ ಹೋದ್ರೆ ಹೆಚ್ಚಿನ ಯೂನಿಟ್‌ಗೆ ಮಾತ್ರ ದುಡ್ಡು. 200 ದಾಟಿದ್ರೋ, ಮೊದಲನೇ ಯೂನಿಟ್‌ನಿಂದ ಪೂರ್ತಿ ಬಿಲ್, ನಿಗದಿತ ಶುಲ್ಕ ಎಲ್ಲ ಸೇರಿ.

ಈಗ ದರ ನೋಡಿ. 2025ರ ಏಪ್ರಿಲ್‌ನಲ್ಲಿ ಮನೆಗಳಿಗೆ ಯೂನಿಟ್‌ಗೆ 5 ರೂಪಾಯಿ 80 ಪೈಸೆ ಇತ್ತು. ಅದರ ಮೇಲೆ ಪಿಂಚಣಿ, ಗ್ರಾಚ್ಯುಟಿ ಬಾಬ್ತು 36 ಪೈಸೆ. ಆಮೇಲೆ ತೆರಿಗೆ. ಒಟ್ಟು ಆರೂವರೆ ದಾಟ್ತಿತ್ತು, ಏಳರ ಒಳಗೆ. ನಾವು 199ಕ್ಕೆ ನಿಂತಿದ್ರೆ ಕಟ್ಟಬೇಕಿದ್ದದ್ದು 31 ಯೂನಿಟ್‌ಗೆ ಇನ್ನೂರು ಚಿಲ್ಲರೆ. 206ಕ್ಕೆ ಕಟ್ಟಿದ್ದು 1,660. ಕಾಮರ್ಸ್ ಕ್ಲಾಸಿನಲ್ಲಿ ಮಾರ್ಜಿನಲ್ ಕಾಸ್ಟ್ ಅಂತ ಪಾಠ ಇತ್ತು, ಒಂದು ಯೂನಿಟ್ ಜಾಸ್ತಿ ಆದ್ರೆ ಖರ್ಚು ಎಷ್ಟು ಏರ್ತದ ಅಂತ. ಅವತ್ತು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ, ಈಗ ಅರ್ಥ ಆಯ್ತು. ಆ ಕೊನೆಯ ಏಳು ಯೂನಿಟ್‌ಗೆ ನಾವು ಕೊಟ್ಟಿದ್ದು ಹೆಚ್ಚುಕಡಿಮೆ 1,450 ರೂಪಾಯಿ.

ಹಂಗಾದ್ರೆ ಆ ಏಳು ಯೂನಿಟ್ ಎಲ್ಲಿಂದ ಬಂತು? ಮನೆಯಲ್ಲಿ ಎಲ್ಲರೂ ಕೂಲರ್ ಕಡೆ ಬೆರಳು ತೋರಿಸಿದ್ರು. ಕೂಲರ್ ತಿನ್ನೋದು ನಿಜ. ಆದ್ರೆ ನಲವತ್ತೆರಡು ಡಿಗ್ರಿಯಲ್ಲಿ ಕೂಲರ್ ಬಂದ್ ಮಾಡ್ರಿ ಅಂತ ನಾನು ಯಾರಿಗೂ ಹೇಳಲ್ಲ. ನಾನು ಹುಡುಕ್ತಿದ್ದದ್ದು ಯಾರಿಗೂ ತಂಪು ಕೊಡದೆ, ಬೆಳಕು ಕೊಡದೆ, ಸುಮ್ನೆ ಉರಿಯೋ ಯೂನಿಟ್‌ಗಳನ್ನ.

ಅದಕ್ಕೆ ಒಂದು ಪೈಸೆ ಖರ್ಚಿಲ್ಲದ ಪರೀಕ್ಷೆ ಅದ. ನಿಮ್ಮ ಮನೆ ಹೊರಗಿನ ಎಲೆಕ್ಟ್ರಾನಿಕ್ ಮೀಟರ್ ಮೇಲೆ ಒಂದು ಸಣ್ಣ ಕೆಂಪು ದೀಪ ಮಿನುಗ್ತಾ ಇರ್ತದ, ನೋಡಿರ್ತೀರಿ. ಅದರ ಪಕ್ಕದಲ್ಲಿ ಒಂದು ಅಂಕಿ ಬರೆದಿರ್ತದ. ನಮ್ಮದರ ಮೇಲೆ 3200. ಅರ್ಥ ಏನಂದ್ರೆ, ದೀಪ 3,200 ಸಲ ಮಿನುಗಿದ್ರೆ ಒಂದು ಯೂನಿಟ್ ಆಯ್ತು. ಕೆಲವು ಮೀಟರ್‌ಗಳಲ್ಲಿ 1600 ಇರ್ತದ, ಕೆಲವದರಲ್ಲಿ 6400. ನಿಮ್ಮದು ಎಷ್ಟು ಅಂತ ಓದಿಕೊಳ್ಳಿ.

ರಾತ್ರಿ ಎಲ್ಲ ಮಲಗೋ ಹೊತ್ತಿಗೆ ಮನೆಯ ಫ್ಯಾನ್, ದೀಪ, ಫ್ರಿಜ್, ಇನ್ವರ್ಟರ್, ರೂಟರ್, ಚಾರ್ಜರ್ ಎಲ್ಲ ಹತ್ತು ನಿಮಿಷಕ್ಕೆ ಬಂದ್ ಮಾಡಿ. ಟಿವಿ ಮೂಲೆ ಒಂದನ್ನೇ ಬಿಡಿ, ಅದೂ ರಿಮೋಟಿನಿಂದ ಆಫ್ ಮಾಡಿದ ಸ್ಥಿತಿಯಲ್ಲಿ. ಅಂದ್ರೆ ನಾವು ದಿನಾ ಮಲಗೋವಾಗ ಅದನ್ನ ಹೆಂಗ ಬಿಡ್ತೀವೋ ಹಂಗ. ಆಮೇಲೆ ಮೊಬೈಲಿನಲ್ಲಿ ಸ್ಟಾಪ್‌ವಾಚ್ ಹಾಕಿ, ಒಂದು ಮಿನುಗಿಗೂ ಮುಂದಿನ ಮಿನುಗಿಗೂ ನಡುವೆ ಎಷ್ಟು ಸೆಕೆಂಡ್ ಅಂತ ಅಳೆಯಿರಿ. 3200 ಮೀಟರ್ ಆದ್ರೆ 1,125ನ್ನ ಆ ಸೆಕೆಂಡಿನಿಂದ ಭಾಗಿಸಿ, ಬರೋದೇ ವ್ಯಾಟ್. 1600 ಮೀಟರ್ ಆದ್ರೆ 2,250ನ್ನ ಭಾಗಿಸಬೇಕು.

ನಾನು ಹೊರಗೆ ಮೀಟರ್ ಮುಂದೆ, ಅವ್ವ ಒಳಗೆ ಟಿವಿ ಮುಂದೆ. ಪಕ್ಕದ ಮನೆಯವರು ಏನೋ ಕಳವಾಗ್ಯದ ಅಂತ ಟಾರ್ಚ್ ಹಿಡ್ಕೊಂಡು ಬಂದ್ರು. ಅದು ಬೇರೆ ಕಥೆ. ನಮ್ಮ ಮೀಟರ್ ಮಿನುಗಿದ್ದು 75 ಸೆಕೆಂಡಿಗೆ ಒಮ್ಮೆ. 1,125 ಭಾಗಿಸು 75, ಅಂದ್ರೆ 15 ವ್ಯಾಟ್. ಟಿವಿ ಆಫ್. ಡಬ್ಬಿ ಆಫ್. ಸ್ಪೀಕರ್ ಸೈಲೆಂಟ್. ಆದ್ರೂ 15 ವ್ಯಾಟ್.

"ಸೆಟ್‌ಟಾಪ್ ಬಾಕ್ಸ್ ವೈರ್ ಕಿತ್ತು ನೋಡು" ಅಂತ ಅವ್ವಗೆ ಕೂಗಿದೆ. ಮುಂದಿನ ಮಿನುಗಿಗೆ ಎರಡು ನಿಮಿಷ ನಲವತ್ತು ಸೆಕೆಂಡ್ ಹಿಡೀತು. ಅಂದ್ರೆ ಈಗ ಏಳು ವ್ಯಾಟ್, ಹೋದದ್ದು ಎಂಟು. ಆಮೇಲೆ ಸ್ಪೀಕರ್ ಕಿತ್ತಿದ್ರು. ಹತ್ತು ನಿಮಿಷ ನಿಂತೆ, ಸೊಳ್ಳೆ ಕಡಿಸಿಕೊಂಡೆ, ದೀಪ ಮಿನುಗಲೇ ಇಲ್ಲ. ಒಂದೆರಡು ವ್ಯಾಟಿನಷ್ಟು ಸಣ್ಣ ಬಳಕೆ ಒಂಟಿಯಾಗಿ ಇದ್ರೆ ಮೀಟರ್ ಅದನ್ನ ಗಮನಿಸದೆ ಇರಬಹುದು, ಹಂಗಾಗಿ ಕೊನೆಯ ಅಂಕಿಯನ್ನ ನಾನು ನೆಚ್ಚಲಿಲ್ಲ. ಮಾರನೇ ದಿನ ಎಲೆಕ್ಟ್ರಿಷಿಯನ್ ಗೆಳೆಯನ ಹತ್ತಿರ ಸಾಕೆಟ್‌ಗೆ ಚುಚ್ಚೋ ವ್ಯಾಟ್ ಮೀಟರ್ ತಂದು ಒಂದೊಂದೇ ಅಳೆದೆ. ಸೆಟ್‌ಟಾಪ್ ಬಾಕ್ಸ್ ಎಂಟು. ಸಬ್‌ವೂಫರ್ ಇರೋ ಹಳೇ ಸ್ಪೀಕರ್ ಸೆಟ್ ಐದು. ಟಿವಿಗೆ ಚುಚ್ಚೋ ಸಿನಿಮಾ ಸ್ಟಿಕ್ಕಿನ ಅಡಾಪ್ಟರ್ ಒಂದೂವರೆ. ಟಿವಿ? ಅರ್ಧ ವ್ಯಾಟ್. ನಾವೆಲ್ಲ ಬೈಯ್ಯೋದು ಟಿವಿಗೆ, ಆದ್ರೆ ನಿಜವಾದ ಕಳ್ಳ ಅದರ ಕೆಳಗೆ ಕೂತಿರೋ ಡಬ್ಬಿ.

ಇನ್ನೂ ಒಂದು ವಿಷಯ ಕೇಳಿ. ಅದೇ ಸೆಟ್‌ಟಾಪ್ ಬಾಕ್ಸ್, ಸೀರಿಯಲ್ ನಡೀತಿರೋವಾಗ ತಿನ್ನೋದು ಒಂಬತ್ತು ವ್ಯಾಟ್. ರಿಮೋಟಿನಿಂದ ಆಫ್ ಮಾಡಿದ್ಮೇಲೆ ಎಂಟು. ಹಸಿರು ದೀಪ ಕೆಂಪಾಯ್ತು, ಉಳಿತಾಯ ಒಂದು ವ್ಯಾಟ್. ಅದು ಆಫ್ ಅಲ್ಲ ರೀ, ಪರದೆ ಎಳೆದು ಒಳಗೆ ಕೆಲಸ ಮುಂದುವರಿಸೋದು.

ಯಾಕೆ ಹಿಂಗ? ಡಬ್ಬಿ ಅನ್ನೋದು ಒಂದು ಸಣ್ಣ ಕಂಪ್ಯೂಟರ್. ನೀವು ಯಾವ ಚಾನೆಲ್‌ಗೆ ದುಡ್ಡು ಕಟ್ಟಿದ್ದೀರಿ ಅನ್ನೋ ಗುಪ್ತ ಸಂದೇಶ ಸಿಗ್ನಲ್ ಜೊತೆ ಬರ್ತಾನೇ ಇರ್ತದ, ಕಾರ್ಯಕ್ರಮದ ಪಟ್ಟಿ ಬರ್ತದ, ರಾತ್ರಿ ಹೊತ್ತು ಸಾಫ್ಟ್‌ವೇರ್ ಬರ್ತದ. ಅದನ್ನೆಲ್ಲ ಹಿಡಿಯೋಕೆ ಟ್ಯೂನರ್, ಪ್ರೊಸೆಸರ್ ಎಚ್ಚರ ಇರಬೇಕು. ಡಿಶ್ ಇರೋ ಮನೆಯಾದ್ರೆ ಇನ್ನೊಂದು ಬಾಯಿ ಅದ. ಮಾಳಿಗೆ ಮೇಲಿನ ಡಿಶ್ ಮುಂದೆ ಮುಷ್ಟಿ ಗಾತ್ರದ್ದೊಂದು ಇರ್ತದಲ್ಲ, ಎಲ್‌ಎನ್‌ಬಿ ಅಂತ, ಅದಕ್ಕೆ ಬೇರೆ ಕರೆಂಟ್ ವೈರ್ ಇಲ್ಲ. ಸಿಗ್ನಲ್ ತರೋ ಅದೇ ಕೇಬಲ್‌ನಲ್ಲಿ 13 ಇಲ್ಲಾ 18 ವೋಲ್ಟ್ ಕಳಿಸಿ ಅದನ್ನ ನಡೆಸೋದು ನಿಮ್ಮ ಡಬ್ಬಿನೇ. ಬಹಳಷ್ಟು ಡಬ್ಬಿಗಳು ಕೆಂಪು ದೀಪದಲ್ಲೂ ಅದನ್ನ ಸಾಕ್ತಾನೇ ಇರ್ತವೆ.

ಸ್ಪೀಕರ್‌ದು ಹಳೇ ಕಾಲದ ಕಥೆ. ಒಳಗೆ ಭಾರದ ಟ್ರಾನ್ಸ್‌ಫಾರ್ಮರ್ ಇರ್ತದ. ಮುಂದಿನ ಬಟನ್ ಆಫ್ ಮಾಡಿದ್ರೂ ಹಲವು ಸೆಟ್‌ಗಳಲ್ಲಿ ಟ್ರಾನ್ಸ್‌ಫಾರ್ಮರ್ ಗೋಡೆಯ ಕರೆಂಟಿಗೆ ಅಂಟಿಕೊಂಡೇ ಇರ್ತದ. ಇದಕ್ಕೆ ಮೀಟರ್ ಬೇಡ, ಕೈ ಸಾಕು. ಬೆಳಗ್ಗೆ ಎದ್ದಾಗ ಸಬ್‌ವೂಫರ್ ಹಿಂಭಾಗ ಮುಟ್ಟಿ ನೋಡಿ. ರಾತ್ರಿ ಪೂರ್ತಿ ಹಾಡದ ಡಬ್ಬ ಬೆಚ್ಚಗಿದ್ರೆ, ಆ ಬಿಸಿ ನಿಮ್ಮ ಬಿಲ್ಲಿಂದ ಬಂದದ್ದು.

ಈಗ ಲೆಕ್ಕ. ನಮ್ಮ ಟಿವಿ ದಿನಕ್ಕೆ ನಾಲ್ಕು ತಾಸು ಓಡ್ತದ, ಇಪ್ಪತ್ತು ತಾಸು ಸುಮ್ನೆ. 15 ವ್ಯಾಟ್ ಇಂಟು 20 ತಾಸು, 300. ಇಂಟು 30 ದಿನ, 9,000. ಸಾವಿರಕ್ಕೆ ಒಂದು ಯೂನಿಟ್. ಒಂಬತ್ತು ಯೂನಿಟ್. ನಮ್ಮ 206ರಲ್ಲಿ ಅದನ್ನ ಕಳೆದ್ರೆ 197. ಗೋಡೆಯ ಸ್ವಿಚ್ ಒಂದು ಆಫ್ ಆಗಿದ್ರೆ ನಾವು 200ರ ಈಚೆ ದಡದಲ್ಲೇ ಇರ್ತಿದ್ವಿ. ಬಿಲ್ ಇನ್ನೂರು ರೂಪಾಯಿ ಆಸುಪಾಸು.

ನೆನಪಿಟ್ಟುಕೊಳ್ಳೋಕೆ ಒಂದು ಸುಲಭ ಗುಣಾಕಾರ ಕೊಡ್ತೀನಿ. ಹಗಲು ರಾತ್ರಿ ವರ್ಷಪೂರ್ತಿ ಉರಿಯೋ ಒಂದು ವ್ಯಾಟ್ ಅಂದ್ರೆ ಹತ್ತಿರತ್ತಿರ ಒಂಬತ್ತು ಯೂನಿಟ್, ಕರಾರುವಾಕ್ಕಾಗಿ 8.76. ಎಂಟು ವ್ಯಾಟಿನ ಡಬ್ಬಿ ವರ್ಷಕ್ಕೆ 70 ಯೂನಿಟ್. ಅಂಗಡಿ ಇಟ್ಟವರಿಗೆ ಇದು ಬಾಡಿಗೆ ಇದ್ದಂಗ. ವ್ಯಾಪಾರ ಆಗಲಿ ಬಿಡಲಿ, ಬಾಡಿಗೆ ಮೀಟರ್ ಓಡ್ತಾನೇ ಇರ್ತದ.

ಇಲ್ಲಿ ಪ್ರಾಮಾಣಿಕವಾಗಿ ಒಂದು ಮಾತು ಹೇಳಬೇಕು. ನಿಮ್ಮ ಬಳಕೆ ಅರ್ಹತೆಗಿಂತ ಬಹಳ ಕೆಳಗಿದ್ರೆ ಇದರಿಂದ ನಿಮಗೆ ಒಂದು ರೂಪಾಯಿನೂ ಉಳಿಯಲ್ಲ. ಬಿಲ್ ಹೆಂಗೂ ಸೊನ್ನೆ. ಯೂಟ್ಯೂಬಿನಲ್ಲಿ "ಈ ಒಂದು ಪ್ಲಗ್ ಕಿತ್ತರೆ ಬಿಲ್ ಅರ್ಧ" ಅಂತ ಕಿರುಚೋ ವಿಡಿಯೋಗಳಿಗೆ ನಾನು ಸೇರಲ್ಲ. ಹಳೇ 75 ವ್ಯಾಟ್ ಫ್ಯಾನ್ ತೆಗೆದು 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಹಾಕಿದ್ರೆ, ದಿನಕ್ಕೆ ಹದಿನೈದು ತಾಸು ಓಡೋ ಮನೆಯಲ್ಲಿ ತಿಂಗಳಿಗೆ ಇಪ್ಪತ್ತು ಯೂನಿಟ್ ಉಳೀತದ, ಅದು ಡಬ್ಬಿಗಿಂತ ದೊಡ್ಡದು. ಆದ್ರೆ ಫ್ಯಾನಿಗೆ ಎರಡೂವರೆ, ಮೂರು ಸಾವಿರ ಬೇಕು. ಸ್ವಿಚ್ಚಿಗೆ ಬೆರಳು ಸಾಕು. ಮೊಬೈಲ್ ಚಾರ್ಜರ್ ಬಗ್ಗೆ ತಲೆ ಕೆಡಿಸ್ಕೊಳ್ಳೋರಿಗೂ ಒಂದು ಮಾತು: ಫೋನ್ ಇಲ್ಲದೆ ಸುಮ್ನೆ ಚುಚ್ಚಿದ ನನ್ನ ಚಾರ್ಜರ್‌ಗೆ ಆ ವ್ಯಾಟ್ ಮೀಟರ್ ತೋರಿಸಿದ್ದು ಸೊನ್ನೆ.

ಹಂಗಾದ್ರೆ ಇದು ಯಾರಿಗೆ ನಿಜವಾಗಿ ತಟ್ಟೋದು? ಒಂದು, ನಮ್ಮಂಗ ಬೇಸಿಗೆಯಲ್ಲಿ 190, 200, 210ರ ನಡುವೆ ಓಲಾಡೋರಿಗೆ. ಎರಡು, ಹೊಸ ಮನೆಯವರಿಗೆ, ಹೊಸ ಮನೆಯ ಬಾಡಿಗೆದಾರರಿಗೆ. ಇದು ಕೋಟನೂರಿನಲ್ಲಿ ಮನೆಮನೆ ವಿಷಯ, ಯಾಕಂದ್ರೆ ಇಲ್ಲಿನ ಲೇಔಟ್‌ಗಳಲ್ಲಿ ಈಚೆಗೆ ಕಟ್ಟಿದ ಮನೆಗಳೇ ಜಾಸ್ತಿ. 2022-23ರ ಲೆಕ್ಕವೇ ಇಲ್ಲದ ಮೀಟರ್‌ಗೆ ಸರ್ಕಾರ ರಾಜ್ಯದ ಸರಾಸರಿ 53 ಯೂನಿಟ್ ಹಿಡಿದು, ಶೇಕಡ 10 ಸೇರಿಸಿ, 58 ಅಂತ ಇಟ್ಟಿತು. ನಮ್ಮ ಮೇಲಿನ ಮಹಡಿಯ ಬಾಡಿಗೆದಾರರದ್ದು ಹಂಗೇ. ಗಂಡ ಹೆಂಡತಿ ಇಬ್ಬರೂ ದುಡಿಯೋರು, ಹಗಲು ಮನೆಗೆ ಬೀಗ. ಆದ್ರೂ ಅವರ ಡಬ್ಬಿ ಒಂದೇ ತಿಂಗಳಿಗೆ ಐದು ಯೂನಿಟ್ ತಿಂತದ. 58ರಲ್ಲಿ ಐದು. ಹನ್ನೆರಡರಲ್ಲಿ ಒಂದು ಪಾಲು, ಮನೆಯಲ್ಲಿ ಯಾರೂ ಇಲ್ಲದಾಗ.

ಸರಿ, ಟಿವಿ ಅರ್ಧ ವ್ಯಾಟಿಗೆ ಇಳೀತು, ಡಬ್ಬಿ ಯಾಕೆ ಎಂಟಕ್ಕೇ ನಿಂತಿತು? ನನಗೆ ಇದರಲ್ಲೇ ಮಜಾ ಅನ್ನಿಸಿದ್ದು.

1990ರ ದಶಕದ ಟಿವಿಗಳೂ ಆಫ್ ಆಗಿದ್ದಾಗ ಹಲವು ವ್ಯಾಟ್ ತಿಂತಿದ್ವು. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಅಲನ್ ಮೈಯರ್ ಅನ್ನೋ ವಿಜ್ಞಾನಿ 1998ರಲ್ಲಿ ಒಂದು ಸರಳ ಬೇಡಿಕೆ ಇಟ್ಟರು: ಯಾವ ಯಂತ್ರವೇ ಆಗಲಿ, ಸ್ಟ್ಯಾಂಡ್‌ಬೈನಲ್ಲಿ ಒಂದು ವ್ಯಾಟ್ ದಾಟಬಾರದು. ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಅದನ್ನ ಎತ್ತಿಕೊಂಡಿತು. 2001ರಲ್ಲಿ ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್, ಸರ್ಕಾರಿ ಕಚೇರಿಗಳಿಗೆ ಇನ್ನು ಅಂಥವನ್ನೇ ಕೊಳ್ಳಬೇಕು ಅಂತ ಆದೇಶ ಹೊರಡಿಸಿದ್ರು. ಐರೋಪ್ಯ ಒಕ್ಕೂಟ ಕಾನೂನೇ ಮಾಡಿತು, 2013ರಿಂದ ಮಿತಿ ಅರ್ಧ ವ್ಯಾಟ್. ಟಿವಿ ಕಂಪನಿಗಳು ಜಗತ್ತಿಗೆಲ್ಲ ಮಾರೋರು. ಯುರೋಪಿಗೆ ಒಂದು, ಕಲಬುರಗಿ ಸೂಪರ್ ಮಾರ್ಕೆಟ್‌ಗೆ ಒಂದು ಅಂತ ಬೇರೆ ಬೇರೆ ವಿನ್ಯಾಸ ಮಾಡೋದು ಅವರಿಗೆ ಲಾಭವಿಲ್ಲ. ಹಂಗಾಗಿ ಅಲ್ಲಿಯ ಕಾನೂನಿನ ಪುಣ್ಯ ನಮ್ಮ ಗೋಡೆಗೂ ಬಂತು.

ಡಬ್ಬಿ ಹಂಗಲ್ಲ. ಅದನ್ನ ನೀವು ಅಂಗಡಿಗೆ ಹೋಗಿ ನಾಲ್ಕು ನೋಡಿ ಆರಿಸಿ ತಂದಿಲ್ಲ. ಕೇಬಲ್ ಡಿಜಿಟಲ್ ಆಗಬೇಕು ಅಂತ ಕೇಂದ್ರ ಸರ್ಕಾರದ ಕಾನೂನು ಬಂತು, 2012ರಲ್ಲಿ ಮಹಾನಗರಗಳಿಂದ ಶುರುವಾಗಿ 2013ರಲ್ಲಿ ಬೆಂಗಳೂರು, ಮೈಸೂರು, ಆಮೇಲೆ ಉಳಿದ ಊರು, ಕೊನೆಗೆ 2017ರ ಮಾರ್ಚ್ ಹೊತ್ತಿಗೆ ಹಳ್ಳಿಗಳು. ಕೇಬಲ್‌ನವರು ಒಂದು ಡಬ್ಬಿ ತಂದು ಕೊಟ್ಟರು, ನೀವು ಇಟ್ಟುಕೊಂಡಿರಿ. ಕೊಳ್ಳೋರು ಅವರು, ಕರೆಂಟ್ ಬಿಲ್ ಕಟ್ಟೋರು ನೀವು. ಎಂಟು ವ್ಯಾಟ್ ತಿಂದ್ರೆ ಅವರ ಜೇಬಿಂದ ಏನೂ ಹೋಗಲ್ಲ, ಹಂಗಾಗಿ ಎರಡು ವ್ಯಾಟಿನದಕ್ಕೆ ಐವತ್ತು ರೂಪಾಯಿ ಜಾಸ್ತಿ ಅವರು ಯಾಕೆ ಕೊಡ್ತಾರೆ? ಅಮೆರಿಕದಲ್ಲೂ ಇದೇ ಆಗಿತ್ತು. ಎನ್‌ಆರ್‌ಡಿಸಿ ಅನ್ನೋ ಪರಿಸರ ಸಂಸ್ಥೆ 2011ರಲ್ಲಿ ಲೆಕ್ಕ ಹಾಕಿದಾಗ, ಅಲ್ಲಿನ ಡಬ್ಬಿಗಳ ಕರೆಂಟ್ ಖರ್ಚು ವರ್ಷಕ್ಕೆ ಸುಮಾರು 300 ಕೋಟಿ ಡಾಲರ್, ಅದರಲ್ಲಿ ಮೂರರಲ್ಲಿ ಎರಡು ಪಾಲು ಯಾರೂ ಟಿವಿ ನೋಡದೆ ಇದ್ದಾಗ. ನಮ್ಮ ಟಿವಿ ಮೇಲೆ ಬಿಇಇ ಸ್ಟಾರ್ ಲೇಬಲ್ ಅದ. ನಮ್ಮ ಮನೆ ಡಬ್ಬಿ ತಿರುಗಿಸಿ ಮುರುಗಿಸಿ ನೋಡಿದೆ, ಒಂದು ಸ್ಟಾರೂ ಇಲ್ಲ.

ಸುಮ್ನೆ ಒಂದು ಊಹೆ ಮಾಡಿ. ರಾಜ್ಯದಲ್ಲಿ ಒಂದು ಕೋಟಿ ಮನೆಯಲ್ಲಿ ಇಂಥ ಎಂಟು ವ್ಯಾಟಿನ ಡಬ್ಬಿ ಅದ ಅಂತ ಹಿಡೀರಿ. 80 ಮೆಗಾವ್ಯಾಟ್. ಪಕ್ಕದ ರಾಯಚೂರಿನ ಶಕ್ತಿನಗರದಲ್ಲಿ 210 ಮೆಗಾವ್ಯಾಟಿನ ಏಳು ಘಟಕ ಅವ, ಕಲ್ಲಿದ್ದಲು ಉರಿಸಿ ನಡೆಯೋವು. ಅಂಥದ್ದೊಂದು ಘಟಕದ ಮೂರನೇ ಒಂದು ಪಾಲಿಗಿಂತ ಜಾಸ್ತಿ ಕೆಂಪು ದೀಪಕ್ಕೇ ಹೋಯ್ತು.

ಇನ್ನು ಮಾಡಬೇಕಾದ್ದೇನು ಅನ್ನೋದು. ನಮ್ಮ ದೇಶದ ಸಾಕೆಟ್‌ಗೆ ಪಕ್ಕದಲ್ಲೇ ಸ್ವಿಚ್ ಇರ್ತದ. ಅಮೆರಿಕದ ಮನೆಗಳಲ್ಲಿ ಸಾಮಾನ್ಯವಾಗಿ ಅದೂ ಇರಲ್ಲ, ಪ್ಲಗ್ಗೇ ಕೀಳಬೇಕು. ನಮ್ಮ ಹಿರಿಯರು ಮಲಗೋ ಮುಂಚೆ "ಬೋರ್ಡ್ ಬಂದ್ ಮಾಡು" ಅಂತಿದ್ರು, ಸಿಡಿಲಿನ ಭಯಕ್ಕೆ. ಆ ರೂಢಿ ತಪ್ಪಿದ್ದು ಟಿವಿ ಗೋಡೆ ಏರಿದ್ಮೇಲೆ. ಈಗ ಸ್ವಿಚ್ ಬೋರ್ಡ್ ಟಿವಿ ಹಿಂದೆ, ಇಲ್ಲಾ ಶೋಕೇಸ್ ಹಿಂದೆ. ಕೈ ಹೋಗಲ್ಲ. ಮನೆ ಕಟ್ಟಿಸ್ತಾ ಇರೋರು ದಯವಿಟ್ಟು ಎಲೆಕ್ಟ್ರಿಷಿಯನ್‌ಗೆ ಒಂದು ಮಾತು ಹೇಳಿ: ಸಾಕೆಟ್ ಟಿವಿ ಹಿಂದೆ ಇರಲಿ, ಅದರ ಸ್ವಿಚ್ ಮಾತ್ರ ಬಾಗಿಲ ಪಕ್ಕದ ಬೋರ್ಡಿನಲ್ಲಿ ಇರಲಿ. ಕಟ್ಟಿ ಆದವರು ಸ್ವಿಚ್ ಇರೋ ಒಂದು ಎಕ್ಸ್‌ಟೆನ್ಷನ್ ಬೋರ್ಡ್ ತಂದು, ಡಬ್ಬಿ, ಸ್ಪೀಕರ್, ಸ್ಟಿಕ್ ಮೂರನ್ನೂ ಅದಕ್ಕೆ ಚುಚ್ಚಿ, ಬೋರ್ಡ್ ಕೈಗೆ ಸಿಗೋ ಕಡೆ ಇಡಿ. ನಾನು ಮಾಡಿದ್ದು ಅದೇ. ಟಿವಿಯನ್ನ ಬೇಕಂತಲೇ ಬೇರೆ ಬಿಟ್ಟೆ, ಅದರ ಅರ್ಧ ವ್ಯಾಟಿಗೆ ಜಗಳ ಬೇಡ. ಓಲೆಡ್ ಟಿವಿ ಇರೋರಂತೂ ನೋಡಿದ ತಕ್ಷಣ ಗೋಡೆ ಸ್ವಿಚ್ ಆಫ್ ಮಾಡಲೇಬೇಡಿ, ಅದು ಸ್ಟ್ಯಾಂಡ್‌ಬೈನಲ್ಲಿ ತನ್ನ ಪರದೆಯನ್ನ ತಾನೇ ಸರಿಪಡಿಸಿಕೊಳ್ತದ.

ಸ್ಮಾರ್ಟ್ ಟಿವಿ ಇದ್ರೆ ಸೆಟ್ಟಿಂಗ್ಸ್ ಒಳಗೆ ಕ್ವಿಕ್ ಸ್ಟಾರ್ಟ್ ಅಥವಾ ಇನ್‌ಸ್ಟಂಟ್ ಆನ್ ಅಂತ ಇದೆಯಾ ನೋಡಿ. ಅದು ಆನ್ ಇದ್ರೆ ಟಿವಿ ಪೂರ್ತಿ ಮಲಗಲ್ಲ, ಅರ್ಧ ವ್ಯಾಟಿನದು ಹತ್ತು, ಇಪ್ಪತ್ತು ವ್ಯಾಟಿಗೂ ಹೋಗಬಹುದು. ವಿಡಿಯೋ ಗೇಮ್ ಪೆಟ್ಟಿಗೆಗಳಲ್ಲೂ ಇದೇ ಆಟ.

ತೊಂದರೆಗಳೂ ಅವ, ಮುಚ್ಚಿಡಲ್ಲ. ಡಬ್ಬಿ ಗೋಡೆಯಿಂದ ಆಫ್ ಮಾಡಿದ್ರೆ ಮತ್ತೆ ಹಚ್ಚಿದಾಗ ಚಿತ್ರ ಬರೋಕೆ ಒಂದೆರಡು ನಿಮಿಷ ಬೇಕು. ರಾತ್ರಿ ರೆಕಾರ್ಡಿಂಗ್ ಹಾಕಿದ್ರೆ ಆಗಲ್ಲ. ಊರಿಗೆ ಹೋಗಿ ವಾರಗಟ್ಟಲೆ ಬಂದ್ ಇಟ್ಟು ಬಂದ್ರೆ ಕೆಲವು ಚಾನೆಲ್ ತಕ್ಷಣ ತೆರೆಯದೆ ಇರಬಹುದು, ಆ ಗುಪ್ತ ಸಂದೇಶ ತಪ್ಪಿರ್ತದ. ಸ್ವಲ್ಪ ಹೊತ್ತು ಹಚ್ಚಿಟ್ಟು ಕಾಯಬೇಕು, ಇಲ್ಲಾ ಆಪ್‌ನಿಂದ ರಿಫ್ರೆಶ್ ಕಳಿಸಬೇಕು.

ಹೋದ ವಾರ ಕಮಲಾಪುರದಲ್ಲಿ ಅತ್ತೆ ಮನೆಗೆ ಹೋದಾಗ ವ್ಯಾಟ್ ಮೀಟರ್ ಒಯ್ದಿದ್ದೆ. ಕೆಂಪು ಬಾಳೆಹಣ್ಣು ತಿನ್ನಿಸಿ ಆಮೇಲೆ ಅಳೆಯೋಕೆ ಬಿಟ್ಟರು. ಅವರದು ಇನ್ನೂ ಹಳೇ ಡಬ್ಬಿ, ಕೆಂಪು ದೀಪದಲ್ಲಿ 11 ವ್ಯಾಟ್. ಅದರ ಮೇಲೆ ಬೆಕ್ಕು ಮಲಗಿತ್ತು. ಚಳಿಗಾಲದಲ್ಲಿ ದಿನಾ ಅಲ್ಲೇ ಮಲಗ್ತದಂತೆ. ಬೆಕ್ಕಿಗೆ ಗೊತ್ತಿದ್ದದ್ದು ನಮಗೆ ಗೊತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಈಗ ಮೂರು ವಾರ ಆಯ್ತು. ರಾತ್ರಿ ಬೋರ್ಡ್ ಬಂದ್ ಮಾಡೋ ಕೆಲಸ ನನ್ನದು. ಮಧ್ಯಾಹ್ನ ಬಂದ್ ಮಾಡೋಕೆ ಮಾತ್ರ ಅಜ್ಜಿ ಬಿಡಲ್ಲ. ಎರಡು ನಿಮಿಷ ಕಾಯೋದ್ರಲ್ಲಿ ಸೀರಿಯಲ್‌ನಲ್ಲಿ ಹಿಂದಿನ ದಿನದ ಕಥೆ ತೋರಿಸೋದು ತಪ್ಪಿ ಹೋಗ್ತದಂತ. ಹಂಗಾಗಿ ರಾತ್ರಿ ಹನ್ನೊಂದರಿಂದ ಮಧ್ಯಾಹ್ನ ಹನ್ನೆರಡರ ತನಕ ಬಂದ್, ಆಮೇಲೆ ಅಜ್ಜಿ ರಾಜ್ಯ. ಇಪ್ಪತ್ತು ತಾಸಿನ ಬದಲು ಹದಿಮೂರು ತಾಸು, ಒಂಬತ್ತು ಯೂನಿಟ್ ಬದಲು ಆರು ಉಳೀತದ ಅಂತ ಲೆಕ್ಕ. ನಿನ್ನೆ ಸಂಜೆ ಮೀಟರ್ ನೋಡಿದೆ, ಈ ತಿಂಗಳಿಗೆ ಇನ್ನೂ ಆರು ದಿನ ಬಾಕಿ ಅದ, 158 ಆಗ್ಯದ. ದಿನಕ್ಕೆ ಆರೂವರೆಯ ಹಂಗ ಹೋದ್ರೆ 197. ಕೂಲರ್ ನೀರು ಖಾಲಿ ಆಗಿರಬೇಕು, ಸದ್ದು ಬದಲಾಯ್ತು ನೋಡಿ, ತುಂಬಿಸಿ ಬರ್ತೀನಿ.